ಸೊನ್ನೆಗೆ ನಿಲ್ಲದ ಲೆಕ್ಕ

೧

ಹೇಗೆ ಶುರು ಮಾಡುವುದು ಎಂದು ನನ್ನನ್ನು ಕೇಳಬೇಡಿ. ಗೊತ್ತಿದ್ದರೆ ಮೂರು ಸಲ ಹರಿದುಹಾಕುತ್ತಿರಲಿಲ್ಲ.

ಮೊದಲನೆಯ ಸಲ ಹೀಗೆ ಬರೆದೆ: ‘ಮಲ್ಲಿಪಟ್ಟಣದ ಆ ಪುಟ್ಟ ಹುಡುಗಿ ನಕ್ಷತ್ರಗಳನ್ನು ನೋಡುತ್ತಾ ವಿಶ್ವದ ರಹಸ್ಯವನ್ನು ಚಿಂತಿಸುತ್ತಿದ್ದಳು.’ ಬರೆದ ಮರುಕ್ಷಣ ನನಗೇ ಸಿಟ್ಟು ಬಂತು. ಯಾವ ಹುಡುಗಿ ರೀ? ನಾನೂ ಅರಕಲಗೂಡು ತಾಲ್ಲೂಕಿನ ಹಳ್ಳಿ ಶಾಲೆಯಲ್ಲೇ ಓದಿದವನು. ಕತ್ತಲಾದ ಮೇಲೆ ಹೊರಗೆ ಬಂದರೆ ನಾವು ನೋಡುತ್ತಿದ್ದದ್ದು ನೆಲವನ್ನು. ಹಾವು ಇದ್ದೀತೆಂದು. ಹರಿದೆ.

ಎರಡನೆಯ ಸಲ: ‘ದೂರದ ದೇಶದಲ್ಲಿ, ಒಂದು ಪರ್ವತದ ಹೊಟ್ಟೆಯೊಳಗಿನ ಪ್ರಯೋಗಶಾಲೆಯಲ್ಲಿ ಅಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದರು.’ ನಾನು ಶಿರಾಡಿ ಘಾಟಿಯನ್ನೇ ಕಣ್ಣು ಮುಚ್ಚಿಕೊಂಡು ಇಳಿಯುವವನು. ನನಗೇನು ಗೊತ್ತು ಪರ್ವತದ ಹೊಟ್ಟೆ? ಹರಿದೆ.

ಮೂರನೆಯ ಸಲ: ‘ಕಾಲ ಎಂಬುದು ಒಂದು ಭ್ರಮೆ.’ ಇದನ್ನು ಹಾಸನದ ಬಸ್ ನಿಲ್ದಾಣದಲ್ಲಿ ಅರಕಲಗೂಡು ಬಸ್ಸಿಗೆ ಕಾಯುತ್ತಾ ಬರೆದಿದ್ದೆ. ಬಸ್ಸು ಬರುವಷ್ಟರಲ್ಲಿ ಕಾಲ ಭ್ರಮೆಯಲ್ಲ ಎನ್ನುವುದು ಖಾತ್ರಿಯಾಯಿತು.

ಆದ್ದರಿಂದ ಕಲ್ಲಿನಿಂದ ಶುರು ಮಾಡುತ್ತೇನೆ. ಮಲ್ಲಿಪಟ್ಟಣದಲ್ಲಿ ಶಾಲೆಯ ಗೇಟಿನ ಪಕ್ಕ, ರಸ್ತೆಗೆ ಮುಖ ಮಾಡಿ, ಆಳೆತ್ತರದ ಒಂದು ಕರಿಕಲ್ಲು ನಿಂತಿದೆ. ಕಲ್ಲಿನ ಮೇಲೆ ಹಳದಿ ಬಟ್ಟೆ. ಬಟ್ಟೆಯ ಹಿಂದೆ ಒಂದು ಸಮೀಕರಣ. ಸಮೀಕರಣದ ತುದಿಯಲ್ಲಿ ಒಂದು ತಪ್ಪು. ಕಲ್ಲು ಗಟ್ಟಿಯಾಗಿದೆ, ಕಥೆ ಹೇಗೋ ಒರಗಿಕೊಳ್ಳುತ್ತದೆ.

೨

ಪ್ರೇಮಕುಮಾರಿ ಅರವತ್ತೆಂಟು ವರ್ಷದ ಭೌತವಿಜ್ಞಾನಿ. ಹೆಸರು ಕೇಳಿಲ್ಲವೇ? ಕೇಳಿರಲಾರಿರಿ. ಹೋದ ತಿಂಗಳು ನಾನೇ ಹುಟ್ಟಿಸಿದ್ದು. ಆದರೆ ಈ ಕಥೆಯೊಳಗೆ ಅವರು ಜಗತ್ಪ್ರಸಿದ್ಧರು. ಅದನ್ನು ಒಪ್ಪಿಕೊಂಡು ಒಳಗೆ ಬನ್ನಿ, ಇಲ್ಲದಿದ್ದರೆ ಪುಸ್ತಕ ಮುಚ್ಚಿಟ್ಟು ಟೀವಿ ನೋಡಿ.

ಭೌತವಿಜ್ಞಾನಿಗಳಲ್ಲಿ ಎರಡು ಜಾತಿ. ಯಂತ್ರ ಇಟ್ಟುಕೊಂಡು ಅಳೆಯುವವರು, ಕುರ್ಚಿಯಲ್ಲಿ ಕೂತು ಯೋಚಿಸುವವರು. ಪ್ರೇಮಕುಮಾರಿ ಎರಡನೆಯ ಜಾತಿ. ಅವರ ಪ್ರಯೋಗಶಾಲೆ ಎಂದರೆ ಒಂದು ಕುರ್ಚಿ, ಒಂದಷ್ಟು ಹಾಳೆ, ಪಕ್ಕದಲ್ಲಿ ದೊಡ್ಡದೊಂದು ಕಸದ ಬುಟ್ಟಿ. ಈ ಮೂರನೆಯ ಸಾಮಾನಿನ ವಿಷಯದಲ್ಲಿ ನನಗೂ ಅವರಿಗೂ ಹೋಲಿಕೆ ಇದೆ.

ಮಲ್ಲಿಪಟ್ಟಣದ ಶಾಲೆಯಲ್ಲಿ ಅವರಿಗೆ ಈಶ್ವರಯ್ಯ ಎಂಬ ಮೇಷ್ಟ್ರಿದ್ದರು. ದಿನದ ಕೊನೆಯ ಪೀರಿಯಡ್ಡಿಗೆ ಬೋರ್ಡಿನ ಮೇಲೆ ಒಂದು ದೊಡ್ಡ ಭಾಗಾಕಾರ ಬರೆದು, ಬೆತ್ತ ಕಂಕುಳಲ್ಲಿ ಸಿಕ್ಕಿಸಿಕೊಂಡು, “ಶೇಷ ಸೊನ್ನೆ ಬಂದೋರು ಮನೆಗೆ ಹೊರಡಿ, ಮಿಕ್ಕೋರು ಕೂತ್ಕೊಳ್ಳಿ” ಅನ್ನುತ್ತಿದ್ದರು. ಶೇಷ ಸೊನ್ನೆ ಬರುವಂಥ ಲೆಕ್ಕವನ್ನೇ ಅವರು ಕೊಡುತ್ತಿದ್ದದ್ದು. ಹಾಗಾಗಿ ಏನಾದರೂ ಉಳಿದರೆ ಎಲ್ಲೋ ತಪ್ಪಿದ್ದೀರಿ ಎಂದೇ ಅರ್ಥ. ಪ್ರೇಮಕುಮಾರಿ ಪ್ರತಿದಿನ ಎಲ್ಲರಿಗಿಂತ ಮುಂಚೆ ಮನೆಗೆ ಹೋಗುತ್ತಿದ್ದಳು. ಸೊನ್ನೆ ಎಂದರೆ ಅವಳಿಗೆ ಮನೆ.

ಮುಂದೆ ಹಾಸನ, ಮೈಸೂರು, ಆಮೇಲೆ ವಿಮಾನ ಹತ್ತಿ ಹೋಗುವ ಊರುಗಳು. ಅಲ್ಲಿ ಅವರು ಕೈಗೆತ್ತಿಕೊಂಡ ಪ್ರಶ್ನೆ ಇದು. ಏನೂ ಇಲ್ಲ ಎಂದು ನಾವು ಅಂದುಕೊಳ್ಳುವ ಖಾಲಿ ಜಾಗದಲ್ಲಿ ನಿಜವಾಗಿ ಭಾರಿ ಗದ್ದಲ ನಡೆಯುತ್ತಿರುತ್ತದಂತೆ. ಅಷ್ಟು ಕೂಡಿತು, ಇಷ್ಟು ಕಳೆಯಿತು, ಕಣ್ಣು ಮಿಟುಕಿಸುವುದರೊಳಗೆ ಕೋಟಿ ಸಲ. ಆ ಗದ್ದಲವನ್ನೆಲ್ಲ ಒಟ್ಟು ಹಾಕಿದರೆ ಕೊನೆಗೆ ಉಳಿಯುವುದೆಷ್ಟು? ಪ್ರೇಮಕುಮಾರಿ ಮೂವತ್ತು ತುಂಬುವ ಮೊದಲೇ ಉತ್ತರ ಕೊಟ್ಟರು: ಸೊನ್ನೆ. ಹತ್ತಿರ ಹತ್ತಿರ ಸೊನ್ನೆಯಲ್ಲ, ಖಡಾಖಂಡಿತ ಸೊನ್ನೆ. ಒಂದು ಸಾಲಿನ ಸಮೀಕರಣ. ಎಡಗಡೆ ಗ್ರೀಕ್ ಅಕ್ಷರಗಳ ಸಂತೆ, ಬಲಗಡೆ ಒಂದು ಸೊನ್ನೆ. ಅದರಿಂದಲೇ ಅವರು ಪ್ರಸಿದ್ಧರಾದದ್ದು.

(ಇದಕ್ಕಿಂತ ಹೆಚ್ಚು ವಿವರಿಸು ಎನ್ನುವವರು ಬೇರೆ ಕಥೆಗಾರನನ್ನು ಹುಡುಕಿಕೊಳ್ಳಿ. ನಾನು ಭೌತಶಾಸ್ತ್ರದಲ್ಲಿ ಪಾಸಾದದ್ದೇ ಮೇಷ್ಟ್ರ ಒಳ್ಳೆಯತನದಿಂದ.)

೩

ಇಷ್ಟು ಬರೆದಿದ್ದೆ. ಪ್ರೇಮಕುಮಾರಿ ನನ್ನ ಹಾಳೆಯೊಳಗಿಂದಲೇ ತಲೆ ಎತ್ತಿದರು.

“ರೀ, ಪ್ರತಿದಿನ ಮುಂಚೆ ಹೋಗ್ತಿದ್ದೆ ಅಂತ ಬರ್ದಿದೀರಲ್ಲ, ಸುಳ್ಳು. ಎಷ್ಟೋ ದಿನ ನಾನೂ ಕೂತಿದೀನಿ.”

“ಕಥೆಗೆ ಬೇಕು ಮೇಡಂ.”

“ನಂಗೆ ಬೇಡ. ಇನ್ನೊಂದು. ನಂಗೇನಾದ್ರೂ ದುಃಖ ಇಟ್ಟಿದೀರಾ ಮುಂದೆ?”

“ಒಂದು ಇಟ್ಟಿದ್ದೇನೆ. ದೊಡ್ಡದು.”

“ಇಡಿ ಪರ್ವಾಗಿಲ್ಲ. ಆದ್ರೆ ನಾನು ಅಳ್ತೀನಿ ಅಂತ ಮೊದಲೇ ಬರ್ಕೋಬೇಡಿ.”

ನನಗೆ ರೇಗಿತು. ಪಾತ್ರ ಹುಟ್ಟಿ ತಿಂಗಳಾಗಿಲ್ಲ, ಆಗಲೇ ಷರತ್ತು. ಆದರೂ ಅವರ ಮಾತನ್ನು ಹಾಳೆಯಿಂದ ಹೊಡೆದುಹಾಕಲಿಲ್ಲ, ತಪ್ಪು ತೋರಿಸಿದ್ದಕ್ಕೆ ಮರ್ಯಾದೆ ಕೊಟ್ಟೆ. ಮೇಲಿನ ‘ಪ್ರತಿದಿನ’ವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅಷ್ಟೂ ಇಲ್ಲದಿದ್ದರೆ ನಾನು ಯಾತರ ಲೇಖಕ?

೪

ಈಗ ಕಲ್ಲಿನ ವಿಷಯ.

ಕಲ್ಲು ನೆಡಿಸಿದವನು ಚನ್ನಪ್ಪ. ಪ್ರೇಮಕುಮಾರಿಯ ಸಹಪಾಠಿ, ರೈತ, ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ. ಭಾಗಾಕಾರದಲ್ಲಿ ಕತ್ತಲಾಗುವವರೆಗೂ ಕೂತಿರುತ್ತಿದ್ದ ಹುಡುಗ ಇವನೇ. ಅದಕ್ಕೇ ಇರಬೇಕು, ಸೊನ್ನೆ ತಂದವಳ ಮೇಲೆ ಅವನಿಗೆ ಅಷ್ಟು ಅಭಿಮಾನ. ಬಸ್ಸಿನಲ್ಲಿ ಪಕ್ಕ ಕೂತವನು ಯಾರೇ ಆಗಲಿ, “ನಮ್ ಪ್ರೇಮನ್ ಲೆಕ್ಕವ ಇಡೀ ಪರ್ಪಂಚದಲ್ಲಿ ಯಾರೂ ಮುರ್ಯಕ್ಕಾಗಿಲ್ಲ ಕಣಣ್ಣ” ಎಂದು ಶುರು ಮಾಡುತ್ತಿದ್ದ. ಆ ಲೆಕ್ಕವನ್ನು ಅವಳು ಕಲಿತ ಶಾಲೆಯ ಮುಂದೆ ಕಲ್ಲಿನಲ್ಲಿ ಕೆತ್ತಿಸಬೇಕು, ಅವಳ ಕೈಯಿಂದಲೇ ಬಟ್ಟೆ ಸರಿಸಬೇಕು ಎನ್ನುವುದು ಅವನ ಬಹಳ ವರ್ಷದ ಆಸೆ.

ಕೆತ್ತಿದವನು ದೇವಯ್ಯ. ಶಾಂತಿಗ್ರಾಮದ ಹತ್ತಿರ ಹೆದ್ದಾರಿ ಬದಿಯಲ್ಲಿ ಅವನ ಶೆಡ್ಡು. ಚನ್ನಪ್ಪ ಸಮೀಕರಣದ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿದ್ದ. ಕೆಲಸ ಮುಗಿಯುವ ದಿನ ಅವನಿಗೆ ಜ್ವರ. ನೋಡಿಕೊಂಡು ಬರಲು ಹೋದವಳು ಅವನ ಹೆಂಡತಿ ನಂಜಮ್ಮ.

ಮುಂದೆ ನಡೆದದ್ದನ್ನು ಬಚ್ಚಿಟ್ಟು ಕೊನೆಯಲ್ಲಿ ‘ಅಯ್ಯೋ’ ಅನ್ನಿಸಬಹುದಿತ್ತು. ನನಗೆ ಅಷ್ಟು ತಾಳ್ಮೆಯಿಲ್ಲ. ಈಗಲೇ ಹೇಳುತ್ತೇನೆ.

ಗ್ರೀಕ್ ಅಕ್ಷರಗಳೆಲ್ಲ ಕೆತ್ತಿ ಆಗಿತ್ತು. ಬಲತುದಿಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಸೊನ್ನೆ ಉಳಿಗೆ ಕಾಯುತ್ತಿತ್ತು. ನಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಸುತ್ತ ಒಂದು ಸುತ್ತು ಬಂದಳು.

“ಇದೇನ್ ದೇವಯ್ಯ, ಕೊನೇಲಿ ಸೊನ್ನೆ?”

“ಯಜಮಾನ್ರು ಕಳ್ಸಿರೋದು ಅಂಗೇ ಐತೆ ಕಣವ್ವ.”

“ಅವರ್ಗೇನ್ ಗೊತ್ತು? ಮದ್ವೇಲಿ ಮುಯ್ಯಿ ಇಡೋವಾಗ ನೂರೊಂದು ಯಾಕ್ ಇಡ್ತೀವಿ? ಸೊನ್ನೆಗ್ ನಿಲ್ಸುದ್ರೆ ಅಲ್ಲಿಗ್ ಮುಗೀತು ಅಂತ. ಶಾಲೆ ಬಾಗ್ಲಲ್ಲಿ, ಮಕ್ಳು ಓಡಾಡೋ ಜಾಗದಲ್ಲಿ, ಸೊನ್ನೆ ನೆಡ್ತಾರಾ ಯಾರಾನಾ? ಒಂದ್ ಮಾಡು.”

“ಸೊನ್ನೆ ಮುಂದ್ಕೆ ಒಂದ್ ಸೇರ್ಸ್ಲಾ?”

“ಸೊನ್ನೇನೇ ಬ್ಯಾಡ ಅಂದ್ನಲ್ಲ. ಬರೀ ಒಂದು.”

ದೇವಯ್ಯನಿಗೂ ಒಂದು ಕೆತ್ತುವುದು ಸುಲಭ. ಸೊನ್ನೆ ಎಂದರೆ ಉಳಿ ತಿರುಗಿಸುತ್ತಾ ಕೂರಬೇಕು. ಕೆತ್ತಿಬಿಟ್ಟ. ನಂಜಮ್ಮ ಕಲ್ಲಿಗೆ ತಾನೇ ಬಟ್ಟೆ ಸುತ್ತಿಸಿ ಊರಿಗೆ ತಂದಳು. ಗಂಡನಿಗೆ ಹೇಳಲಿಲ್ಲ. ಹೇಳುವಂಥ ವಿಷಯ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಮುಯ್ಯಿಯ ಮೇಲಿನ ಒಂದನ್ನು ಯಾರಾದರೂ ಕೇಳಿ ಇಡುತ್ತಾರೆಯೇ?

೫

ಇದು ಚಿಕ್ಕ ಭಾಗ. ಅನಾವರಣ ಭಾನುವಾರ. ಶುಕ್ರವಾರ ಪ್ರೇಮಕುಮಾರಿಗೆ ಆ ಪರ್ವತದ ಹೊಟ್ಟೆಯ ಪ್ರಯೋಗಶಾಲೆಯವರಿಂದ ಫೋನು ಬಂತು. ವರ್ಷಗಟ್ಟಲೆ ಅಳೆದಿದ್ದಾರೆ, ತಿರುತಿರುಗಿ ಅಳೆದಿದ್ದಾರೆ. ಶೇಷ ಸೊನ್ನೆಯಲ್ಲ. ಏನೋ ಉಳಿಯುತ್ತಿದೆ. ಎಷ್ಟು ಚಿಕ್ಕದೆಂದರೆ, ದಶಮಾಂಶದ ಚುಕ್ಕಿ ಇಟ್ಟು, ಒಂದು ಬಸ್ಸಿನ ತುಂಬ ಸೊನ್ನೆಗಳನ್ನು ಕೂರಿಸಿ, ಹಿಂದಿನ ಸೀಟಿನ ಮೂಲೆಯಲ್ಲಿ ಒಂದು ಏಳನ್ನೋ ಎಂಟನ್ನೋ ತುರುಕಿದಷ್ಟು. ಆದರೂ ಸೊನ್ನೆಯಲ್ಲ.

ಅಂದರೆ ಅವರ ಸಮೀಕರಣ ತಪ್ಪು. ಅದಕ್ಕೆ ಕಲ್ಲು ನೆಟ್ಟು ಆಗಿದೆ.

(ದೊಡ್ಡ ದುಃಖ ಇಟ್ಟಿದ್ದೇನೆ ಎಂದೆನಲ್ಲ, ಇದೇ.)

೬

ಶನಿವಾರ ಸಂಜೆ ಪ್ರೇಮಕುಮಾರಿ ಚನ್ನಪ್ಪನ ಮನೆಗೆ ಬಂದಿಳಿದರು. ಕೈಕಾಲು ತೊಳೆದು ಅಡುಗೆಮನೆಯಲ್ಲೇ ಮಣೆ ಹಾಕಿಕೊಂಡು ಕೂತರು. ನಂಜಮ್ಮ ಮುದ್ದೆ, ಉಪ್ಸಾರು ಬಡಿಸಿದಳು.

“ಅಕ್ಕಾ, ಕೇಳ್ತೀನಿ ಅಂತ ಬೇಜಾರ್ ಮಾಡ್ಕಬ್ಯಾಡ. ಇಷ್ಟ್ ವರ್ಸ ನೀನು ಏನ್ ಕೆಲ್ಸ ಮಾಡ್ದೆ?”

“ಕೂತ್ಕೊಂಡು ಯೋಚ್ನೆ ಮಾಡ್ದೆ.”

“ಅಷ್ಟೇಯಾ?”

“ಅಷ್ಟೆ.”

“ಅದ್ಕೆ ಸಂಬ್ಳ ಕೊಟ್ರಾ?”

“ಕೊಟ್ರು ಕಣೆ. ನಂಗೂ ಆಶ್ಚರ್ಯನೇ.”

“ನಮ್ಮನೇರೂ ಜಗಲಿ ಮ್ಯಾಲೆ ಕೂತ್ಕಂಡು ಅದ್ನೇ ಮಾಡದು. ಒಬ್ರೂ ಕೊಡಾಕಿಲ್ಲ.”

ಚನ್ನಪ್ಪ ನಕ್ಕು, ನಾಳೆಯ ಏರ್ಪಾಡು ಹೇಳತೊಡಗಿದ. ಶಾಮಿಯಾನ, ಮೈಕು, ಪೇಟ, ಶಾಲು, ಯಾರ ಭಾಷಣ ಮೊದಲು. ಪ್ರೇಮಕುಮಾರಿ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

“ಚನ್ನ, ಒಂದು ವಿಷ್ಯ. ಕಲ್ಲಿನ ಮೇಲಿರೋ ಲೆಕ್ಕದ ಉತ್ತರ ತಪ್ಪು ಕಣೋ.”

ನಂಜಮ್ಮನ ಕೈಯಲ್ಲಿದ್ದ ಸೌಟು ಸಾರಿನ ಮೇಲೇ ನಿಂತಿತು.

“ತಪ್ಪು ಅಂದ್ರೆ?” ಎಂದ ಚನ್ನಪ್ಪ.

“ನೆನ್ನೆ ಗೊತ್ತಾಯ್ತು. ಅಳೆದು ನೋಡಿದಾರೆ. ಸರಿಹೋಗ್ತಿಲ್ಲ.”

“ಅಳ್ದೋರು ತಪ್ಪಾಗಿ ಅಳ್ದಿರ್ಬೇಕು.”

“ಇಲ್ಲ. ಚೆನ್ನಾಗಿ ಅಳೆದಿದಾರೆ.”

ಚನ್ನಪ್ಪನ ಮುಖ ಸಣ್ಣದಾಯಿತು. ಲೋಟ ಪಕ್ಕಕ್ಕೆ ಸರಿಸಿದ. “ಪ್ರೇಮಾ, ನಾಳೆ ಒಂದಿನ ಸುಮ್ಕಿದ್ಬುಡು. ಬಟ್ಟೆ ಎಳಿ, ಕೈ ಮುಗಿ, ಓಗು. ಸ್ವಾಮ್ವಾರ ಯಾರಿಗ್ ಬೇಕಾದ್ರೂ ಏಳ್ಕೊ. ಊರ್ ತುಂಬ ಏಳ್ಕಂಡ್ ತಿರ್ಗಿದೀನಿ ಕಣವ್ವ ನಾನು.”

“ಗೊತ್ತು ಕಣೋ. ಆದ್ರೆ ಆ ಗೇಟಲ್ಲಿ ನಿಂತ್ಕೊಂಡು ಸುಳ್ಳು ಹೇಳಕ್ಕಾಗಲ್ಲ. ಮೇಷ್ಟ್ರು ಬಂದು ನಿಂತ್ಕೊಂಡಂಗೆ ಆಗುತ್ತೆ ನಂಗೆ.”

ನಂಜಮ್ಮ ಸೌಟು ಇಟ್ಟು ಹಿತ್ತಲಿಗೆ ಹೋದಳು. ಹೋದವಳು ಬೇಗ ಬರಲಿಲ್ಲ. ಅವಳ ಎದೆಯಲ್ಲಿ ಇದ್ದದ್ದು ಒಂದೇ ಮಾತು: ನನ್ನ ಒಂದರಿಂದ ಅಕ್ಕನ ಲೆಕ್ಕ ಕೆಟ್ಟಿತು. ಅಳೆದವರು ಕಲ್ಲನ್ನು ನೋಡಿಲ್ಲವಲ್ಲ ಎಂದು ನೀವು ಕೇಳಬಹುದು. ಅವಳಿಗೆ ಹಾಗೆ ತೋಚಲಿಲ್ಲ. ಮಾಡಬಾರದ್ದನ್ನು ಮಾಡಿದರೆ ಅದರ ಫಲ ಎಲ್ಲೋ ದೂರದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ನಂಬಿಕೊಂಡೇ ಅವಳು ಬೆಳೆದಿದ್ದು.

ಪ್ರೇಮಕುಮಾರಿ ಮಿಕ್ಕ ಮುದ್ದೆ ಮುಗಿಸಿ, ಇನ್ನೊಂದು ತಾವೇ ಹಾಕಿಕೊಂಡರು.

೭

ಇಲ್ಲಿ ನಾನು ಪೆನ್ನು ಕುಕ್ಕಿದೆ.

“ಮೇಡಂ, ನಲವತ್ತು ವರ್ಷದ ಕೆಲಸ ಮುರಿದುಬಿದ್ದಿದೆ. ಇನ್ನೊಂದು ಮುದ್ದೆ ಹೇಗೆ ಇಳಿಯುತ್ತದೆ? ಓದುವವರು ನಂಬಬೇಡವೇ?”

“ಹಸಿವಾಗಿತ್ತು.”

“ಒಂದು ಹನಿ ಕಣ್ಣೀರು?”

“ಶುಕ್ರವಾರ ಮಧ್ಯಾಹ್ನ ಬಂತು. ನೀವು ಆಗ ಕಲ್ಲಿನ ವಿಷ್ಯ ಬರೀತಿದ್ರಿ, ನೋಡ್ಲಿಲ್ಲ.”

ಕುಕ್ಕಿದ ಪೆನ್ನು ಎತ್ತಿಕೊಂಡೆ. ಅವರೇ ಮುಂದುವರಿಸಿದರು.

“ನಲವತ್ತು ವರ್ಷ ಅಲ್ಲಿ ಏನೂ ಇಲ್ಲ ಅಂತ ಹೇಳ್ಕೊಂಡು ಬಂದೆ. ನನ್ನ ಮಾತು ಕೇಳಿ ಎಷ್ಟೋ ಜನ ಆ ಕಡೆ ನೋಡೋದನ್ನೇ ಬಿಟ್ರು. ಈಗ ನೋಡಿದ್ರೆ ಅಲ್ಲಿ ಏನೋ ಇದೆ ರೀ! ನಾನು ಬದುಕಿರೋವಾಗ್ಲೇ ಗೊತ್ತಾಯ್ತಲ್ಲ. ಏನದು, ಯಾಕೆ ಅಷ್ಟೇ ಇದೆ, ಒಬ್ರಿಗೂ ಗೊತ್ತಿಲ್ಲ. ಸೋಮವಾರದಿಂದ ಕೂತ್ಕೋಬೇಕು ನಾನು.”

ಸೋತಾಗಲೂ ಕುರ್ಚಿ ಹುಡುಕುವ ಪಾತ್ರವನ್ನು ಇಟ್ಟುಕೊಂಡು ನಾನೇನು ಮಾಡಲಿ? ನಾಳೆ ಊರಿನ ಮುಂದೆ ಬಾಯಿ ಬಿಡಬೇಡಿ, ಚನ್ನಪ್ಪನ ಮಾನ ಉಳಿಸಿ, ಅದೂ ಒಂದು ದೊಡ್ಡತನವೇ ಎಂದು ಇನ್ನೊಂದು ಕೊನೆಯನ್ನು ಅವರ ಮುಂದಿಟ್ಟೆ. ಓದಿ, ಹಿಂದಕ್ಕೆ ತಳ್ಳಿದರು.

೮

ಭಾನುವಾರ ಬೆಳಗ್ಗೆ. ಶಾಮಿಯಾನ ತುಂಬಿತ್ತು. ಮೈಕ್ ಟೆಸ್ಟಿಂಗ್ ಎಂದು ಇಬ್ಬರು ಜಗಳವಾಡಿ ಆಗಿತ್ತು. ಪ್ರೇಮಕುಮಾರಿಯ ತಲೆಗೆ ಪೇಟ ಸ್ವಲ್ಪ ದೊಡ್ಡದಾಗಿ, ಹುಬ್ಬಿನವರೆಗೂ ಇಳಿದಿತ್ತು. ಚನ್ನಪ್ಪ ಮೈಕಿನಲ್ಲಿ ಎಂದಿನ ಮಾತು ಶುರು ಮಾಡಿ, “ನಮ್ ಪ್ರೇಮನ್ ಲೆಕ್ಕವ ಇಡೀ ಪರ್ಪಂಚದಲ್ಲಿ” ಎಂಬಲ್ಲಿಗೆ ನಿಲ್ಲಿಸಿ, ನೀರು ಕುಡಿದು ಕೂತ.

ಪ್ರೇಮಕುಮಾರಿ ಮೈಕು ಕೈಗೆ ತೆಗೆದುಕೊಂಡರು. “ಈ ಬಟ್ಟೆ ಹಿಂದೆ ನನ್ನ ಲೆಕ್ಕ ಇದೆ. ಅದರ ಉತ್ತರ ತಪ್ಪು ಅಂತ ಮೊನ್ನೆ ಗೊತ್ತಾಗಿದೆ. ಅದನ್ನ ನಿಮಗೆ ನಾನೇ ಹೇಳ್ಬೇಕಿತ್ತು.” ಜನ ಮುಖ ಮುಖ ನೋಡಿಕೊಂಡರು. ಅವರು ಹೋಗಿ ಬಟ್ಟೆ ಎಳೆದರು.

ಒಂದು.

ಪೇಟವನ್ನು ಮೇಲಕ್ಕೆ ತಳ್ಳಿ ಇನ್ನೊಂದು ಸಲ ನೋಡಿದರು. ಒಂದೇ.

ಚನ್ನಪ್ಪ ಎದ್ದ ರಭಸಕ್ಕೆ ಕುರ್ಚಿ ಬಿತ್ತು. “ಲೇ ದೇವಯ್ಯ! ಏನ್ಲಾ ಮಾಡ್ಬುಟ್ಟಿದೀಯ?”

“ನಂದೇನಿಲ್ಲ ಸಾ! ಅಮ್ಮಾವ್ರು ಏಳುದ್ರು!”

ಹೆಂಗಸರ ಸಾಲಿನಿಂದ ನಂಜಮ್ಮ ಎದ್ದು ನಿಂತಳು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ ಎನ್ನುವುದು ಕಣ್ಣಿನಲ್ಲೇ ಕಾಣುತ್ತಿತ್ತು. “ನಾನೇ ಕಣಕ್ಕ. ಸೊನ್ನೆಗ್ ನಿಲ್ಲಿಸ್ಬಾರ್ದು ಅಂತ ನಾನೇ ಒಂದ್ ಮಾಡ್ಸ್ದೆ. ಅಂಗಾಯ್ತದೆ ಅಂತ ಗೊತ್ತಿರ್ನಿಲ್ಲ. ನನ್ನಿಂದ ಕೆಟ್ಟೋಯ್ತಾ ನಿನ್ ಲೆಕ್ಕ?”

ಪ್ರೇಮಕುಮಾರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗು ಬಂತು. ಆ ನಗು ಮೈಕಿನಿಂದ ಬಸ್ ನಿಲ್ದಾಣದವರೆಗೂ ಕೇಳಿಸಿತು. ಆಮೇಲೆ ನಂಜಮ್ಮನ ಮುಖ ನೋಡಿ ನಗು ನಿಲ್ಲಿಸಿದರು. ಕಲ್ಲಿನ ಬಳಿಯಿಂದ ಹೆಂಗಸರ ಸಾಲಿಗೆ ಹೋಗಿ ಅವಳ ಕೈ ಹಿಡಿದರು.

“ಇಲ್ಲ ಕಣೆ. ನಿನ್ನಿಂದಲ್ಲ. ಅದು ಮೊದ್ಲಿಂದ್ಲೂ ಅಂಗೇ ಇತ್ತು. ನಾನ್ ನೋಡಿರ್ಲಿಲ್ಲ ಅಷ್ಟೆ.”

“ದಿಟ್ವಾಗ್ಲೂ?”

“ದಿಟ್ವಾಗ್ಲೂ.”

ನಂಜಮ್ಮನ ಉಸಿರು ಕೆಳಗಿಳಿಯಿತು. ಪ್ರೇಮಕುಮಾರಿ ಅವಳ ಕೈ ಬಿಡದೆ ಮೈಕು ಬಾಯಿಗೆ ಹಿಡಿದರು. “ನಾನು ಸೊನ್ನೆ ಅಂದೆ, ತಪ್ಪು. ನಂಜಮ್ಮ ಒಂದು ಅಂದ್ಲು, ಅದೂ ತಪ್ಪೇ. ಆದ್ರೆ ಸೊನ್ನೆಗೆ ನಿಲ್ಲಲ್ಲ ಅನ್ನೋದು ಮಾತ್ರ ಸರಿ.”

ಹಿಂದಿನಿಂದ ಯಾರೋ ಕೂಗಿದರು: “ಅಂಗಾದ್ರೆ ಸರಿ ಎಷ್ಟು ಮೇಡಂ?”

“ಗೊತ್ತಿಲ್ಲ ಕಣಪ್ಪ. ಇನ್ನೂ ಅಳೀತಾವ್ರೆ.”

ಚಪ್ಪಾಳೆ ಬಿತ್ತು. ಏಕೆ ಎಂದು ನನ್ನನ್ನು ಕೇಳಬೇಡಿ. ಗೊತ್ತಿಲ್ಲ ಎಂದು ಮೈಕಿನಲ್ಲಿ ಹೇಳಿದವರನ್ನು ಆ ಊರು ಅದೇ ಮೊದಲು ನೋಡಿತ್ತೋ ಏನೋ. ಚನ್ನಪ್ಪ ಮಾತ್ರ ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿ, ಅದರ ಬೆನ್ನು ಹಿಡಿದು ನಿಂತಿದ್ದ.

೯

ಈಗ ಕಲ್ಲನ್ನು ಏನು ಮಾಡುವುದು? ಕಥೆ ಮುಗಿಯಬೇಕಾದರೆ ಕಲ್ಲು ಒಂದು ಕಡೆ ಸೇರಬೇಕು. ನನ್ನ ಹತ್ತಿರ ಇದ್ದ ಕೊನೆಗಳು ಇವು.

ಒಂದು ಕೊನೆ: ಕಲ್ಲನ್ನು ಬಸ್ ನಿಲ್ದಾಣಕ್ಕೆ ಸಾಗಿಸಿ ಮಲಗಿಸುವುದು. ಜನ ಅದರ ಮೇಲೆ ಕೂತು ಹಾಸನದ ಬಸ್ಸಿಗೆ ಕಾಯುವುದು. ವಿಶ್ವದ ನಿಯಮದ ಮೇಲೆ ಮನುಷ್ಯನ ಕುಂಡೆ. ಬೆಂಗಳೂರಿನ ವಿಮರ್ಶಕರಿಗೆ ಇದು ಬಹಳ ಹಿಡಿಸುತ್ತಿತ್ತು. ಅದಕ್ಕೇ ಬಿಟ್ಟೆ.

ಇನ್ನೊಂದು: ಚನ್ನಪ್ಪ ದೇವಯ್ಯನಿಗೆ ಹೇಳಿ ಮತ್ತೆ ಸೊನ್ನೆ ಕೆತ್ತಿಸುವುದು. “ತಪ್ಪಾದ್ರೂ ಅವ್ಳುದೇ ಇರ್ಲಿ” ಎಂದು ಅವನು ನನ್ನ ಹತ್ತಿರ ನಿಜವಾಗಿಯೂ ವಾದ ಮಾಡಿದ. ಅವನ ಪ್ರೀತಿ ನನಗೆ ಹಿಡಿಸಿತು. ಆದರೆ ಒಂದರ ಮೇಲೆ ಸೊನ್ನೆ ಕೆತ್ತಿದರೆ ಎಂಥದೋ ಆಗಿಬಿಡುತ್ತದೆ ಎಂದು ದೇವಯ್ಯನೇ ಬೇಡವೆಂದು ಕೈ ಅಲ್ಲಾಡಿಸಿದ.

ಮೂರನೆಯದನ್ನು ನಾನು ಬರೆಯಲಿಲ್ಲ. ಪ್ರೇಮಕುಮಾರಿ ಊರು ಬಿಡುವ ಮೊದಲು ದೇವಯ್ಯನನ್ನು ಕರೆದು ತಾವೇ ಹೇಳಿ ಹೋದರು. “ಆ ಒಂದನ್ನ ಉಜ್ಜಿ ಮಟ್ಟಸ ಮಾಡು. ಕಪ್ಪು ಹಲಗೆ ಥರ ಆಗ್ಬೇಕು. ಏನೂ ಕೆತ್ತಬೇಡ, ಸೀಮೆಸುಣ್ಣದಲ್ಲಿ ಬರೆಯೋ ಹಾಗಿರ್ಲಿ. ಗೊತ್ತಾದೋರು ಬರೀಲಿ, ತಪ್ಪು ಅನ್ಸಿದೋರು ಅಳಿಸ್ಲಿ.”

“ಯಾರ್ ಬೇಕಾದ್ರೂ ಬರೀಬೌದಾ ಮೇಡಂ?”

“ನಾವು ಮಾಡೋದೂ ಅದನ್ನೇ ದೇವಯ್ಯ.”

೧೦

ಹಾಗೇ ಆಯಿತು. ಈಗ ಕಲ್ಲಿನಲ್ಲಿ ಎಡಗಡೆ ಗ್ರೀಕ್ ಅಕ್ಷರಗಳಿವೆ, ನಡುವೆ ಸಮ ಚಿಹ್ನೆ ಇದೆ, ಬಲಗಡೆ ಅಂಗೈಯಗಲ ನುಣುಪು ಜಾಗ ಇದೆ.

ಬೆಳಗ್ಗೆ ಗದ್ದೆಗೆ ಹೋಗುವಾಗ ಚನ್ನಪ್ಪ ಅಲ್ಲಿ ಒಂದು ಸೊನ್ನೆ ಬರೆಯುತ್ತಾನೆ. ಸಂಜೆ ಡೈರಿಗೆ ಹಾಲು ಹಾಕಲು ಹೋಗುವಾಗ ನಂಜಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಒಂದು ಬರೆಯುತ್ತಾಳೆ. ಮನೆಯಲ್ಲಿ ಇಬ್ಬರೂ ಈ ವಿಷಯ ಎತ್ತುವುದಿಲ್ಲ. ನಡುಹಗಲಲ್ಲಿ ಶಾಲೆಯ ಮಕ್ಕಳು ತಮಗೆ ತೋಚಿದ್ದನ್ನು ಬರೆಯುತ್ತಾರೆ. ಒಂದು ದಿನ ಯಾರೋ ಕ್ರಿಕೆಟ್ ಸ್ಕೋರು ಬರೆದಿದ್ದರು.

ಹೀಗೆ ಎಲ್ಲರೂ ಸುಖವಾಗಿದ್ದರು ಎಂದು ಬರೆದು ಕಥೆಯನ್ನು ಇಲ್ಲಿಗೆ ಮುಗಿಸಿ, ಹಾಳೆಗಳನ್ನು ಚನ್ನಪ್ಪನ ಮನೆಗೆ ಒಯ್ದೆ. ಚನ್ನಪ್ಪ ಓದಿ ಹೇಳಿದ. ನಂಜಮ್ಮ ಹುಣಸೆಹಣ್ಣು ಬಿಡಿಸುತ್ತಾ ಕೇಳಿಸಿಕೊಂಡಳು. ತನ್ನ ಮಾತು ಬಂದಾಗಲೆಲ್ಲ “ಅಂಗೇನ್ ಅಂದಿಲ್ಲ ನಾನು” ಅಂದಳು. ಕೊನೆಯಲ್ಲಿ ಕೇಳಿದಳು:

“ಎಷ್ಟ್ ಭಾಗಕ್ ನಿಲ್ಸಿದೀರಾ ಸಾ?”

“ಹತ್ತಕ್ಕೆ.”

ಅವಳು ಹುಣಸೆಹಣ್ಣು ಬಿಟ್ಟು ನನ್ನನ್ನೇ ನೋಡಿದಳು.

೧೧

ಸರಿ ತಾಯಿ.

ಇದನ್ನು ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಮೊಣಕಾಲ ಮೇಲೆ ಹಾಳೆ, ಕಿವಿಯಲ್ಲಿ ಫೋನು. ಫೋನಿನಲ್ಲಿ ಪ್ರೇಮಕುಮಾರಿ. ನಾನು ಈ ಕಡೆ ಬಂದಾಗಲೆಲ್ಲ ಅವರು ಕೇಳುವುದು ಒಂದೇ ಪ್ರಶ್ನೆ, ಸಂತೆಯಲ್ಲಿ ಟೊಮ್ಯಾಟೊ ರೇಟು ಕೇಳುವವರ ಹಾಗೆ: “ಇವತ್ತು ಎಷ್ಟಿದೆ?” ಅವರ ಕುರ್ಚಿ ಕಿರುಗುಟ್ಟುವುದು, ಹಾಳೆ ಮುದುರಿ ಬುಟ್ಟಿಗೆ ಬೀಳುವುದು ನನಗೆ ಕೇಳಿಸುತ್ತಿದೆ. ಕೆಲಸ ಚೆನ್ನಾಗಿ ನಡೆದಿರಬೇಕು.

ಬಸ್ಸು ಶಾಲೆಯ ತಿರುವಿಗೆ ಬಂತು. ಗೇಟು ಕಾಣುತ್ತಿದೆ. ಕಲ್ಲು ಕಾಣುತ್ತಿದೆ. ಗ್ರೀಕ್ ಅಕ್ಷರಗಳು ಕಾಣುತ್ತಿವೆ. ನುಣುಪು ಜಾಗದಲ್ಲಿ ಬೆಳ್ಳಗೆ ಏನೋ ಇದೆ. ಸೊನ್ನೆಯಂತೂ ಅಲ್ಲ, ಒಂದೂ ಅಲ್ಲ, ಓದೋಣವೆಂದರೆ ಕಿಟಕಿ ಪಕ್ಕದವನು ಸರಿಯಾಗಿ ಈಗಲೇ ಆಕಳಿಸಿ ಮುಂದಕ್ಕೆ ಬಾಗಿದ್ದಾನೆ.

“ಎಷ್ಟು ರೀ?” ಅನ್ನುತ್ತಿದ್ದಾರೆ ಪ್ರೇಮಕುಮಾರಿ.

ರೀ ಸ್ವಾಮಿ, ತಲೆ ತೆಗೀರಿ ಅತ್ಲಾಗೆ!